ಕಲಿತ ಕೈಯನ್ನು ಕಲ್ಪನೆಗೆ ಒಗ್ಗಿಸುವುದು ಹೇಗೆ?

ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಮುಗಿಸಿ, ಆಮೇಲೆ ಚಿತ್ರಕಲಾ ಶಾಲೆಯಲ್ಲಿ ಕೆಲವು ವರ್ಷ ಪಳಗಿದವರು ನಮ್ಮ ತುಮಕೂರು ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಒಂದು ಫೋಟೊ ಕೊಟ್ಟರೆ ಸಾಕು, ಮೀಸೆಯ ಕೂದಲೂ ತಪ್ಪದಂತೆ ಭಾವಚಿತ್ರ ಬರೆದುಕೊಡುತ್ತಾರೆ. ತಾಮ್ರದ ತಂಬಿಗೆ ಮುಂದಿಟ್ಟರೆ ಅದರ ಕಂಠದ ದುಂಡು, ಹೊಟ್ಟೆಯ ಹೊಳಪು, ಕೆಳಗೆ ಬಿದ್ದ ನೆರಳು ಎಲ್ಲವೂ ಹಾಳೆಗೆ ಇಳಿಯುತ್ತವೆ. ಅದೇ ಕೈಗೆ ಖಾಲಿ ಹಾಳೆ ಕೊಟ್ಟು, ಎದುರಿಗೆ ಏನನ್ನೂ ಇಡದೆ, ತೋಚಿದ್ದನ್ನು ಬರೆಯಿರಿ ಎಂದರೆ ಮೊದಲು ಹುಡುಕುವುದು ಮೊಬೈಲನ್ನು. ನೋಡಿಕೊಂಡು ಬರೆಯಲು ಒಂದು ಚಿತ್ರ ಬೇಕೇ ಬೇಕು.

ಈ ಬರಹ ಅಂಥ ಕೈಗಳಿಗಾಗಿ. ಕಲಿತದ್ದನ್ನೆಲ್ಲ ಬಿಸಾಡಿ ಮಗುವಿನಂತಾಗಿ ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ. ಸೈಕಲ್ ಕಲಿತವರಿಗೆ ಅದನ್ನು ಮರೆಯಲು ಆಗುವುದಿಲ್ಲ, ಚಿತ್ರ ಕಲಿತವರಿಗೂ ಆಗುವುದಿಲ್ಲ. ಆದರೆ ಕಲಿಕೆ ಯಾವ ಹೊತ್ತಿನಲ್ಲಿ ಬಾಯಿ ಹಾಕಬೇಕು ಎಂಬುದನ್ನು ಬದಲಿಸಲು ಖಂಡಿತ ಆಗುತ್ತದೆ.

ತರಬೇತಿ ನಮ್ಮೊಳಗೆ ನೆಡುವುದು ಮುಖ್ಯವಾಗಿ ಒಂದು ಪ್ರಶ್ನೆಯನ್ನು: ಇದು ಎದುರಿಗಿರುವುದನ್ನು ಹೋಲುತ್ತದೆಯೇ? ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳತೆ ತೆಗೆಯುತ್ತಾ ವರ್ಷಗಟ್ಟಲೆ ಇದೊಂದನ್ನೇ ಕೇಳಿಕೊಂಡಿರುತ್ತೇವೆ. ಕೊನೆಗೆ ಅದು ಗೆರೆ ಬೀಳುವ ಮೊದಲೇ ಎದ್ದು ನಿಲ್ಲುವ ಪ್ರಶ್ನೆಯಾಗುತ್ತದೆ. ಎದುರಿಗೆ ವಸ್ತುವೇ ಇಲ್ಲದಾಗ ಹೋಲಿಸುವುದು ಯಾವುದಕ್ಕೆ? ಕೈ ಕಟ್ಟಿಹೋಗುತ್ತದೆ. ಕೆಳಗೆ ಹೇಳುವ ಎಲ್ಲ ಅಭ್ಯಾಸಗಳ ಗುರಿ ಒಂದೇ: ಆ ಪ್ರಶ್ನೆಯನ್ನು ಕೊನೆಯ ಸರದಿಗೆ ತಳ್ಳುವುದು.

ಇದು ಆಗದ ಮಾತಲ್ಲ. ಜಾಮಿನಿ ರಾಯ್ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿಯಲ್ಲಿ ಪಳಗಿ, ಭಾವಚಿತ್ರ ಬರೆದು ಹೆಸರು ಮಾಡಿದ್ದವರು. 1920ರ ದಶಕದಲ್ಲಿ ಬಂಗಾಳದ ಜನಪದ ಪಟಚಿತ್ರಗಳ ಕಡೆ ತಿರುಗಿ, ದಪ್ಪ ಗೆರೆ ಮತ್ತು ಬೆರಳೆಣಿಕೆಯ ಬಣ್ಣಗಳಲ್ಲಿ ತಮ್ಮದೇ ಲೋಕ ಕಟ್ಟಿಕೊಂಡರು. ಪ್ಯಾರಿಸ್ಸಿನಲ್ಲಿ ಕಲಿತ ಅಮೃತಾ ಶೇರ್‌ಗಿಲ್ ಭಾರತಕ್ಕೆ ಮರಳಿ, ಅಜಂತಾ ಮತ್ತು ದಕ್ಷಿಣದ ಭಿತ್ತಿಚಿತ್ರಗಳನ್ನು ನೋಡಿದ ಮೇಲೆ 1937ರಲ್ಲಿ ಬರೆದ ಚಿತ್ರಗಳಲ್ಲಿ ಪ್ಯಾರಿಸ್ಸಿನ ನೆರಳು-ಬೆಳಕು ಹಿಂದೆ ಸರಿಯಿತು, ಚಪ್ಪಟೆಯಾದ ದೊಡ್ಡ ಬಣ್ಣದ ಹರವುಗಳು ಮುಂದೆ ಬಂದವು. ನಮ್ಮವರೇ ಆದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿದವರು. ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಅಂಗರಚನೆಯ ಜ್ಞಾನ ಪೂರ್ತಿ ಇದೆ, ಆದರೆ ಗೆರೆ ಕುಣಿತದ ಹಿಂದೆ ಹೋಗುತ್ತದೆ, ಮೂಳೆಯ ಹಿಂದೆ ಅಲ್ಲ. ಈ ಮೂವರಲ್ಲಿ ಯಾರೂ ಕಲಿತದ್ದನ್ನು ಕಳೆದುಕೊಳ್ಳಲಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಪನೆಯ ಚಿತ್ರ ಎಂದ ಕೂಡಲೇ ಅರ್ಧ ಬುದ್ಧನ ಮುಖ, ಕಣ್ಣೊಳಗೊಂದು ಹಕ್ಕಿ, ಕರಗುವ ಗಡಿಯಾರ, ಓಡುವ ಏಳು ಕುದುರೆ ಬರೆಯುವವರಿದ್ದಾರೆ. ಇವು ಕೂಡ ನೋಡಿ ಬರೆದವೇ. ಫೋಟೊ ಬದಲು ಬೇರೆಯವರ ಕಲ್ಪನೆಯನ್ನು ಮುಂದಿಟ್ಟುಕೊಂಡಿದ್ದೇವೆ, ಅಷ್ಟೇ. ನಿಮ್ಮ ಕಲ್ಪನೆಗೆ ಬೇಕಾದ ಸರಕು ನಿಮ್ಮ ಬೀದಿ, ನಿಮ್ಮ ಮನೆ, ನಿಮ್ಮ ಬೆಟ್ಟಗಳಲ್ಲೇ ಇದೆ.

ಬೇಕಾದ ಸಾಮಾನು

ಅಗ್ಗದ ಕಾಗದ ಹೇರಳವಾಗಿ ಇರಲಿ. ಹಳೆಯ ಕ್ಯಾಲೆಂಡರಿನ ಹಿಂಬದಿ, ಪುಸ್ತಕಕ್ಕೆ ಹೊದಿಸುವ ಬ್ರೌನ್ ಶೀಟು, ಅಂಗಡಿಯ ರಟ್ಟು, ಯಾವುದಾದರೂ ಆದೀತು. ದುಬಾರಿ ಕ್ಯಾನ್ವಾಸನ್ನು ಈಗಲೇ ತರಬೇಡಿ. ಬೆಲೆ ನೆನಪಾದಾಗಲೆಲ್ಲ ಕೈ ಹಳೆಯ ಭದ್ರವಾದ ದಾರಿಗೇ ಹೋಗುತ್ತದೆ. ಒಂದು ದಪ್ಪ ಬ್ರಷ್, ಇದ್ದಿಲು, ಒಂದು ಬಾಲ್ ಪೆನ್ನು, ಮೂರು ನಾಲ್ಕು ಬಣ್ಣ ಸಾಕು. ರಬ್ಬರನ್ನು ಮಾತ್ರ ಬೇರೆ ಕೋಣೆಯಲ್ಲಿಡಿ.

ಮೊದಲ ಹೆಜ್ಜೆ: ನಿಮ್ಮ ರೂಢಿಗಳ ಪಟ್ಟಿ ಮಾಡಿ

ನಿಮ್ಮ ಈಚಿನ ಹತ್ತು ಚಿತ್ರಗಳನ್ನು ನೆಲದ ಮೇಲೆ ಸಾಲಾಗಿ ಹರಡಿ. ಚೆನ್ನಾಗಿವೆಯೇ ಎಂದು ನೋಡಬೇಡಿ. ಹತ್ತರಲ್ಲೂ ಮರಳಿ ಮರಳಿ ಬಂದಿರುವುದು ಏನು ಎಂದು ನೋಡಿ. ಬೆಳಕು ಯಾವಾಗಲೂ ಎಡಗಡೆ ಮೇಲಿನಿಂದಲೇ ಬರುತ್ತಿದೆಯೇ? ದಿಗಂತದ ಗೆರೆ ಎಲ್ಲದರಲ್ಲೂ ಒಂದೇ ಎತ್ತರದಲ್ಲಿದೆಯೇ? ದೂರದ ಬೆಟ್ಟ ಪ್ರತಿ ಸಲವೂ ತಿಳಿನೀಲಿಯೇ? ಮೊದಲು ಪೆನ್ಸಿಲಿನಲ್ಲಿ ಹೊರಗೆರೆ, ಆಮೇಲೆ ಬಣ್ಣ, ಕಟ್ಟಕಡೆಗೆ ಒಂದು ಬಿಳಿ ಚುಕ್ಕೆಯ ಹೊಳಪು, ಈ ಕ್ರಮ ಎಂದಾದರೂ ಬದಲಾಗಿದೆಯೇ? ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಈ ಪಟ್ಟಿಯಲ್ಲಿರುವುದು ಯಾವುದೂ ಪ್ರಕೃತಿಯ ನಿಯಮವಲ್ಲ. ಗೆರೆಗಳೆಲ್ಲ ದೂರದ ಒಂದು ಬಿಂದುವಿಗೆ ಹೋಗಿ ಸೇರುವ ಪರ್ಸ್‌ಪೆಕ್ಟಿವ್ ವಿಧಾನವನ್ನು ಇಟಲಿಯ ಆಲ್ಬರ್ಟಿ ಬರಹದಲ್ಲಿ ವಿವರಿಸಿದ್ದು 1435ರಲ್ಲಿ. ನಮ್ಮಲ್ಲಿಗೆ ಅದು ಶಾಲೆಯ ಪಾಠವಾಗಿ ಬಂದದ್ದು ಬ್ರಿಟಿಷರ ಕಾಲದಲ್ಲಿ: ಮದರಾಸಿನ ಕಲಾಶಾಲೆ 1850ರಲ್ಲಿ, ಕಲ್ಕತ್ತೆಯದು 1854ರಲ್ಲಿ, ಮುಂಬಯಿಯದು 1857ರಲ್ಲಿ ಆರಂಭವಾದವು. ಪ್ಲಾಸ್ಟರಿನ ಮೂರ್ತಿಗಳನ್ನು ನೋಡಿ ಬರೆಯುವುದು, ಜ್ಯಾಮಿತಿ, ಅಲಂಕಾರದ ಬಳ್ಳಿಗಳ ನಕಲು, ಇದು ಅಲ್ಲಿನ ಪಾಠ. ನಮ್ಮ ಗ್ರೇಡ್ ಪರೀಕ್ಷೆಗಳ ಫ್ರೀಹ್ಯಾಂಡ್, ಜ್ಯಾಮಿತಿ, ವಸ್ತುಚಿತ್ರಗಳಲ್ಲಿ ಅದರ ಗುರುತು ಇಂದಿಗೂ ಇದೆ. ಒಳ್ಳೆಯ ಪದ್ಧತಿಯೇ. ಆದರೆ ಹಲವು ಪದ್ಧತಿಗಳಲ್ಲಿ ಅದೂ ಒಂದು ಎಂದು ಮನಸ್ಸಿಗೆ ತಟ್ಟಿದರೆ ಅರ್ಧ ಭಾರ ಇಳಿಯುತ್ತದೆ.

ಪಟ್ಟಿಯಿಂದ ಒಂದು ವಾರಕ್ಕೆ ಒಂದೇ ರೂಢಿಯನ್ನು ತೆಗೆದುಹಾಕಿ. ಈ ವಾರ ದಿಗಂತ ಬೇಡ. ಮುಂದಿನ ವಾರ ಬೆಳಕಿನ ದಿಕ್ಕು ಬೇಡ. ಎಲ್ಲವನ್ನೂ ಒಟ್ಟಿಗೆ ಕೈಬಿಟ್ಟವರಿಗೆ ಗೊಂದಲ ಬಿಟ್ಟರೆ ಬೇರೇನೂ ದಕ್ಕುವುದಿಲ್ಲ.

ಎರಡನೆಯದು: ಹಾಳೆಯಿಂದ ಕಣ್ಣು ತೆಗೆಯಿರಿ

ಇದು ಚಿಕ್ಕದು. ನಿಮ್ಮ ಎಡಗೈಯನ್ನೋ ಮನೆಯ ಈಳಿಗೆಮಣೆಯನ್ನೋ ನೋಡುತ್ತಾ, ಹಾಳೆಯನ್ನು ಒಮ್ಮೆಯೂ ನೋಡದೆ, ಪೆನ್ನು ಎತ್ತದೆ, ಐದು ನಿಮಿಷ ಗೆರೆ ಎಳೆಯಿರಿ. ಕಣ್ಣು ಅಂಚಿನ ಮೇಲೆ ತೆವಳಿದಷ್ಟೇ ನಿಧಾನವಾಗಿ ಕೈಯೂ ತೆವಳಬೇಕು. ಬಂದದ್ದು ಏನನ್ನೂ ಹೋಲುವುದಿಲ್ಲ, ಹೋಲಬೇಕಾಗಿಯೂ ಇಲ್ಲ. ಗೆರೆಯ ನಡುಕ, ಅದರ ತಿರುವು, ಅದು ತಡೆದು ನಿಂತ ಜಾಗ, ಇವನ್ನು ನೋಡಿ. ಕೆಲಸಕ್ಕೆ ಕೂರುವ ಮುನ್ನ ದಿನವೂ ಎರಡು ಮೂರು ಹಾಳೆ ಇಂಥದ್ದು ಸಾಕು. ತಿಂಗಳುಗಟ್ಟಲೆ ಇದರಲ್ಲೇ ನಿಂತುಬಿಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಕೈ ಸಡಿಲಿಸುವ ಕಸರತ್ತು ಮಾತ್ರ, ಕಲ್ಪನೆ ಇದರಿಂದ ಹುಟ್ಟುವುದಿಲ್ಲ.

ಮೂರನೆಯದು: ನೆನಪಿನಿಂದ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಗ್ರೇಡ್ ಪರೀಕ್ಷೆಯಲ್ಲಿ ನೆನಪಿನ ಚಿತ್ರ ಬರೆದವರಿಗೆ ಇದೇನು ಹೊಸದು ಎನ್ನಿಸಬಹುದು. ಅಲ್ಲಿ ನಾವು ಮಾಡುತ್ತಿದ್ದುದು ಬಾಯಿಪಾಠ: ಸಂತೆ, ಬಸ್ ನಿಲ್ದಾಣ, ಬಾವಿಕಟ್ಟೆ ಎಂದು ಮೊದಲೇ ಸಿದ್ಧಮಾಡಿಟ್ಟುಕೊಂಡ ಚಿತ್ರಗಳನ್ನು ಹಾಗೆಯೇ ಇಳಿಸುವುದು. ಇಲ್ಲಿ ಹೇಳುತ್ತಿರುವುದು ನಿಜವಾದ ನೆನಪನ್ನು.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಲಕಾಕ್ ದ ಬ್ವಾಬೋದ್ರಾನ್ ಎಂಬ ಮೇಷ್ಟರಿದ್ದರು. ಶಿಲ್ಪಿ ರೋದ್ಯಾ ಈ ಮೇಷ್ಟರ ಬಳಿ ಕಲಿತವರು. ವಸ್ತುವನ್ನು ಚೆನ್ನಾಗಿ ನೋಡಿಸಿ, ಅದನ್ನು ಕಣ್ಣ ಮುಂದಿನಿಂದ ತೆಗೆದು, ಆಮೇಲೆ ಬರೆಸುವುದು ಮೇಷ್ಟರ ಕ್ರಮ. ಸರಳವಾದದ್ದರಿಂದ ಆರಂಭಿಸಿ, ಚಲಿಸುವ ಮನುಷ್ಯರವರೆಗೆ ಈ ಅಭ್ಯಾಸವನ್ನು ಬೆಳೆಸುತ್ತಿದ್ದರು. ಕಟ್ಟುನಿಟ್ಟಿನ ಶಾಲೆಯೊಳಗೇ ಇದು ನಡೆದಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ನೀವು ಹೀಗೆ ಮಾಡಿ. ತುಮಕೂರಿನ ಅಂತರಸನಹಳ್ಳಿಯ ಮಾರುಕಟ್ಟೆಗೋ ನಿಮ್ಮೂರಿನ ಸಂತೆಗೋ ಹೋಗಿ. ಸ್ಕೆಚ್ ಪುಸ್ತಕ ಬೇಡ, ಮೊಬೈಲು ಜೇಬಿನಲ್ಲೇ ಇರಲಿ. ಒಂದು ಕಡೆ ನಿಂತು ಹತ್ತು ನಿಮಿಷ ನೋಡಿ. ಮನೆಗೆ ಬಂದ ಕೂಡಲೇ ಬರೆಯಬೇಡಿ, ಒಂದು ರಾತ್ರಿ ಕಳೆಯಲಿ. ಮರುದಿನ ಬೆಳಿಗ್ಗೆ ಹಾಳೆ ಹಿಡಿದು, ಮೊದಲು ನೆನಪಾದದ್ದನ್ನು ಮೊದಲು ಬರೆಯಿರಿ, ಹಾಳೆಯ ಯಾವ ಮೂಲೆಯಲ್ಲಾದರೂ ಸರಿ.

ಸೇವಂತಿಗೆ ಮಾರುವ ಹೆಂಗಸನ್ನು ನೀವು ನೋಡಿದ್ದೀರಿ ಎಂದುಕೊಳ್ಳೋಣ. ಗಿರಾಕಿ ಎರಡು ಮಾರು ಕೇಳುತ್ತಾಳೆ. ಆಕೆ ಹೂವಿನ ಉಂಡೆಯಿಂದ ದಂಡೆಯ ತುದಿ ಹಿಡಿದು ಎರಡೂ ತೋಳುಗಳನ್ನು ಅಗಲಕ್ಕೆ ಚಾಚುತ್ತಾಳೆ, ಹೂವು ಎದೆಯ ಮುಂದೆ ಹಳದಿ ಗೆರೆಯಾಗಿ ಬಿಗಿಯುತ್ತದೆ, ಮತ್ತೆ ಚಾಚುತ್ತಾಳೆ, ಕೊನೆಗೊಂದು ಗೇಣು ಕೊಸರು ಬಿಟ್ಟು ನಾರನ್ನು ಚಿವುಟುತ್ತಾಳೆ. ಮರುದಿನ ನಿಮಗೆ ಆಕೆಯ ಮುಖ ನೆನಪಾಗಲಿಕ್ಕಿಲ್ಲ, ಸೀರೆಯ ಬಣ್ಣವೂ ಮರೆತಿರಬಹುದು. ಆ ತೋಳುಗಳು ಮಾತ್ರ ನೆನಪಿವೆ, ಅದೂ ಇದ್ದದ್ದಕ್ಕಿಂತ ಉದ್ದವಾಗಿ. ಈಗ ಕಲಿತ ಕೈ ಏನು ಮಾಡುತ್ತದೆ ನೋಡಿ: ತಲೆಯ ಅಳತೆ ತೆಗೆದು, ದೇಹದ ಎತ್ತರವನ್ನು ಏಳೂವರೆ ತಲೆಯ ಅಳತೆಗೆ ಕೂರಿಸಿ, ಚಾಚಿದ ತೋಳುಗಳನ್ನು ಆಳೆತ್ತರಕ್ಕೆ ಸರಿಹೊಂದಿಸಿಬಿಡುತ್ತದೆ. ಅಲ್ಲಿಯೇ ತಡೆಯಿರಿ. ತೋಳು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲಿ. ಮುಖ ನೆನಪಿಲ್ಲದಿದ್ದರೆ ಮುಖದ ಜಾಗ ಖಾಲಿ ಇರಲಿ, ಇಲ್ಲವೇ ಒಂದು ಸೇವಂತಿಗೆಯಷ್ಟೇ ಚಿಕ್ಕದಾಗಲಿ.

ಮರೆತ ಜಾಗವನ್ನು ಫೋಟೊ ನೋಡಿ ತುಂಬಬೇಡಿ. ಈ ಅಭ್ಯಾಸದಲ್ಲಿ ಇದೊಂದೇ ಕಟ್ಟುಪಾಡು. ಮರೆವು ನಿಮಗೆ ಬೇಡದ್ದನ್ನು ಸೋಸಿ ಎಸೆದಿದೆ, ಉಳಿದದ್ದರಲ್ಲಿ ನಿಮ್ಮ ಮನಸ್ಸು ಎಲ್ಲಿ ನಿಂತಿತ್ತು ಎಂಬುದು ತಾನಾಗಿ ಕಾಣುತ್ತದೆ. ವಾರಕ್ಕೆ ಎರಡು ಸಲ ಹೀಗೆ ಬರೆಯುತ್ತಾ ಹೋದರೆ, ಬೇರೆ ಬೇರೆ ದಿನ ನೋಡಿದ ಸಂಗತಿಗಳು ಒಂದೇ ಹಾಳೆಯಲ್ಲಿ ಸೇರಿಕೊಳ್ಳತೊಡಗುತ್ತವೆ. ಅವನ್ನು ಬೇರ್ಪಡಿಸಲು ಹೋಗಬೇಡಿ.

ನಾಲ್ಕನೆಯದು: ಸೀಬಿಯ ಚಾವಣಿಯ ಕೆಳಗೆ ಒಂದು ಮಧ್ಯಾಹ್ನ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸೀಬಿ ಸಿಗುತ್ತದೆ. ಅಲ್ಲಿನ ನರಸಿಂಹಸ್ವಾಮಿ ದೇವಾಲಯವನ್ನು ಕಟ್ಟಿಸಿದವರು ಟಿಪ್ಪುವಿನ ಆಡಳಿತದಲ್ಲಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು. ಮುಖಮಂಟಪದ ಚಾವಣಿಯ ತುಂಬ ಚಿತ್ರಗಳಿವೆ, ಪುರಾಣದ ಕಥೆಗಳ ಜೊತೆಗೆ ದರ್ಬಾರಿನ ದೃಶ್ಯಗಳೂ ಇವೆ. ಹರಕೆ ತೀರಿಸಲು ಬಂದವರು ಮೇಲೆ ನೋಡದೆ ಒಳಗೆ ಹೋಗಿಬಿಡುತ್ತಾರೆ. ನೀವು ಮೇಲೆ ನೋಡಲೆಂದೇ ಹೋಗಿ. ಗೋಡೆ, ಕಂಬ ಮುಟ್ಟಬೇಡಿ, ಫೋಟೊ ತೆಗೆಯುವುದಾದರೆ ಅರ್ಚಕರನ್ನು ಕೇಳಿ, ಫ್ಲ್ಯಾಶ್ ಹಾಕಬೇಡಿ. ಬಣ್ಣ ಮಾಸಿದೆ, ಅಲ್ಲಲ್ಲಿ ಉದುರಿದೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಕಥೆ ಅಡ್ಡ ಪಟ್ಟಿಗಳಲ್ಲಿ ಹರಿಯುತ್ತದೆ. ಜನ ಪಕ್ಕಕ್ಕೆ ಮುಖ ಮಾಡಿ ನಿಂತಿದ್ದಾರೆ, ಹಿಂದೆ ದೂರ ಎಂಬುದು ಇಲ್ಲ, ಬಿದ್ದ ನೆರಳು ಇಲ್ಲ. ಬಣ್ಣ ಚಪ್ಪಟೆ, ಅದರ ಸುತ್ತ ಗಟ್ಟಿ ಗೆರೆ. ಪರೀಕ್ಷೆಯ ಕಣ್ಣಿಗೆ ಇಲ್ಲಿ ತಪ್ಪುಗಳ ರಾಶಿಯೇ ಕಾಣುತ್ತದೆ. ಆದರೂ ಯಾರು ಯಾರೊಡನೆ ಮಾತನಾಡುತ್ತಿದ್ದಾರೆ, ಯಾರು ದೊಡ್ಡವರು, ಮುಂದೇನಾಯಿತು ಎಂಬುದು ಒಂದು ಕ್ಷಣವೂ ತೊಡಕಾಗುವುದಿಲ್ಲ. ಪರ್ಸ್‌ಪೆಕ್ಟಿವ್ ಚಿತ್ರ ಒಂದು ಜಾಗದಲ್ಲಿ ಒಂದು ಗಳಿಗೆ ನಿಂತ ಒಬ್ಬರ ನೋಟವನ್ನು ಕೊಡುತ್ತದೆ. ಪಟ್ಟಿಯ ಚಿತ್ರಕ್ಕೆ ಆ ಹಂಗಿಲ್ಲ. ಅದರೊಳಗೆ ನಡೆದಾಡಬಹುದು, ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬಹುದು.

ತೊಗಲುಗೊಂಬೆಯಾಟದವರಿಗೂ ಇದು ಗೊತ್ತಿತ್ತು. ನಮ್ಮ ಕಡೆ ಆಡುತ್ತಿದ್ದ ಆಟಗಳಲ್ಲಿ ರಾಜ, ದೇವರು, ರಾಕ್ಷಸರ ಗೊಂಬೆಗಳು ದೊಡ್ಡವು, ಆಳುಕಾಳುಗಳವು ಚಿಕ್ಕವು. ದೂರದಲ್ಲಿರುವುದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಲೆಕ್ಕವೇ ಅಲ್ಲಿಲ್ಲ. ಮುಖ ಪಕ್ಕಕ್ಕೆ, ಎದೆ ನೇರಕ್ಕೆ. ಪರದೆಯ ಹಿಂದಿನ ದೀಪಕ್ಕೆ ಚರ್ಮದ ಬಣ್ಣ ಹೊತ್ತಿಕೊಂಡಾಗ ಅದನ್ನು ಯಾರೂ ಅಸಹಜ ಎಂದುಕೊಳ್ಳಲಿಲ್ಲ.

ಅಲ್ಲಿಂದ ಬಂದ ಮೇಲೆ ಮಾಡುವ ಅಭ್ಯಾಸ ಹೀಗೆ. ಒಂದು ಉದ್ದನೆಯ ಬ್ರೌನ್ ಶೀಟನ್ನು ಅಡ್ಡಡ್ಡ ಮೂರು ಪಟ್ಟಿ ಮಾಡಿ. ಶಿವರಾತ್ರಿ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ದನಗಳ ಜಾತ್ರೆಯಂಥ, ನೀವು ಸ್ವತಃ ಓಡಾಡಿದ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ಒಬ್ಬ ರೈತ ಮೂರು ಪಟ್ಟಿಗಳಲ್ಲೂ ಬರಬೇಕು: ಬರುವಾಗ, ಎತ್ತಿನ ಹಲ್ಲು ನೋಡುವಾಗ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ. ಯಾವುದು ಮುಖ್ಯವೋ ಅದು ದೊಡ್ಡದಾಗಲಿ. ಆ ಟವೆಲು ಎತ್ತಿಗಿಂತ ದೊಡ್ಡದಾದರೂ ಸರಿಯೇ. ನೀರಿನ ತೊಟ್ಟಿಯನ್ನು ಮೇಲಿನಿಂದ ಕಂಡಂತೆ ಬರೆಯಿರಿ, ಅದರ ಸುತ್ತ ನಿಂತ ದನಗಳನ್ನು ಪಕ್ಕದಿಂದ ಕಂಡಂತೆ, ನಾಲ್ಕೂ ಕಡೆಗೆ ಒರಗಿದ ಹಾಗೆ. ದಿಗಂತದ ಗೆರೆ ಎಲ್ಲಿಯೂ ಬರಕೂಡದು. ಮೊದಲ ಹಾಳೆಯಲ್ಲಿ ನೀವು ಸೀಬಿಯ ನಕಲು ಮಾಡಿರುತ್ತೀರಿ, ಅದು ಸಹಜ. ಮೂರನೆಯ, ನಾಲ್ಕನೆಯ ಹಾಳೆಗೆ ನಿಮ್ಮ ಜಾತ್ರೆ ಬರುತ್ತದೆ.

ಸೀಬಿಯ ಗೆರೆಯನ್ನೇ ಶೈಲಿಯಾಗಿ ಹೊತ್ತುಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ಅಗಲ ಕಣ್ಣು, ಪಕ್ಕದ ಮುಖ, ಜರಿಯಂಚು ಇವನ್ನೆಲ್ಲ ಎತ್ತಿಕೊಂಡರೆ ಒಂದು ರೂಢಿ ಬಿಟ್ಟು ಇನ್ನೊಂದು ರೂಢಿಗೆ ಸಿಕ್ಕಿದಂತೆ. ಅಲ್ಲಿಂದ ತರಬೇಕಾದದ್ದು ಜಾಗವನ್ನು ಜೋಡಿಸುವ ಸ್ವಾತಂತ್ರ್ಯವನ್ನು ಮಾತ್ರ.

ಐದನೆಯದು: ಮಚ್ಚೆ, ಕಲೆಗಳಿಂದ ಚಿತ್ರಕ್ಕೆ

ದೇವರಾಯನದುರ್ಗದ ಬಂಡೆಗಳ ಮೇಲೆ ಮಳೆನೀರು ಇಳಿದು ಇಳಿದು ಕಪ್ಪು ಪಟ್ಟೆಗಳಾಗಿವೆ, ಅವುಗಳ ನಡುವೆ ಕಲ್ಲುಹೂವಿನ ಬೂದು, ಹಳದಿ ಮಚ್ಚೆಗಳು. ಅದನ್ನು ನೋಡುತ್ತಾ ಕೂತರೆ ಆನೆ, ಗಡ್ಡದ ಮುದುಕ, ಹೆಡೆ ಎಲ್ಲ ಕಾಣುತ್ತವೆ. ಗೋಡೆಯ ಕಲೆಗಳನ್ನು ಹೀಗೆ ನೋಡಿ, ಅದರಲ್ಲಿ ಬೆಟ್ಟ, ಯುದ್ಧ, ಮುಖಗಳನ್ನು ಕಂಡುಕೊಳ್ಳಿರೆಂದು ಲಿಯೊನಾರ್ಡೊ ದ ವಿಂಚಿ ಚಿತ್ರಕಾರರಿಗೆ ಹೇಳಿದ್ದ. 1925ರಲ್ಲಿ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ ಮರದ ನೆಲಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ನಾರಿನ ಗುರುತುಗಳಿಂದ ಕಾಡು, ಹಕ್ಕಿಗಳನ್ನು ತೆಗೆದ. ರವೀಂದ್ರನಾಥ ಠಾಕೂರರು ಚಿತ್ರಕಲೆಯನ್ನು ಕ್ರಮವಾಗಿ ಕಲಿತವರಲ್ಲ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಆಕಾರ ಮಾಡಿದವರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದಾಗ ಅವರಿಗೆ ಎಪ್ಪತ್ತರ ಹತ್ತಿರ.

ಮನೆಯಲ್ಲಿ ಮಾಡುವ ಕ್ರಮ: ದಪ್ಪ ಹಾಳೆಯನ್ನು ಒದ್ದೆ ಮಾಡಿ, ಗಟ್ಟಿ ಚಹಾ ಡಿಕಾಕ್ಷನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ಎರಡು ಮೂರು ಕಡೆ ಸುರಿಯಿರಿ. ಹಾಳೆಯನ್ನು ಎತ್ತಿ ಓರೆ ಮಾಡಿ ಹರಿಯಲು ಬಿಡಿ. ಪೂರ್ತಿ ಒಣಗಲಿ. ಒಣಗಿದ ಮೇಲೆ ಗೋಡೆಗೆ ಒರಗಿಸಿ ನೋಡಿ, ಏನು ಕಂಡರೂ ಬರೆಯಬೇಡಿ. ಹಾಳೆಯನ್ನು ಪಕ್ಕಕ್ಕೆ ತಿರುಗಿಸಿ, ಮತ್ತೆ ತಲೆಕೆಳಗೆ ಮಾಡಿ, ನಾಲ್ಕೂ ಕಡೆಯಿಂದ ನೋಡಿ. ಮೊದಲು ಕಾಣುವುದು ಸಾಮಾನ್ಯವಾಗಿ ಒಂದು ಮುಖವೋ ಪ್ರಾಣಿಯೋ ಆಗಿರುತ್ತದೆ, ಎಲ್ಲರಿಗೂ ಕಾಣುವಂಥದ್ದು. ಅದನ್ನು ಬಿಟ್ಟುಬಿಡಿ. ಮೂರನೆಯದೋ ನಾಲ್ಕನೆಯದೋ ಕಂಡದ್ದನ್ನು ಹಿಡಿಯಿರಿ.

ಇಲ್ಲಿ ಕಲಿತವರೆಲ್ಲ ಮಾಡುವ ಒಂದು ಕೆಲಸವಿದೆ: ಕಂಡ ಕೂಡಲೇ ಸುತ್ತ ಹೊರಗೆರೆ ಎಳೆದು ಬಂಧಿಸಿಬಿಡುವುದು. ಹಾಳೆಯ ಮೇಲಿನ ಕಲೆ ಸತ್ತೇ ಹೋಗುತ್ತದೆ. ಅದರ ಬದಲು, ಬೇಡವಾದ ಜಾಗವನ್ನು ಗಟ್ಟಿ ಬಿಳಿಯಿಂದಲೋ ಕಪ್ಪಿನಿಂದಲೋ ಮುಚ್ಚುತ್ತಾ ಬನ್ನಿ. ಆಕಾರ ತಾನಾಗಿ ಹೊರಗೆ ಉಳಿಯುತ್ತದೆ, ಅದರೊಳಗೆ ಕಲೆಯ ಜೀವವೂ ಉಳಿಯುತ್ತದೆ. ಉಜ್ಜುವ ವಿಧಾನಕ್ಕೆ ಚಾಪೆ, ಮೊರ, ಕಲ್ಲುಚಪ್ಪಡಿ, ತೆಂಗಿನ ಗರಿ, ಯಾವುದಾದರೂ ಒದಗುತ್ತದೆ.

ಆರನೆಯದು: ಬಣ್ಣವನ್ನು ವಸ್ತುವಿನಿಂದ ಬಿಡಿಸಿ

ಎಲೆ ಹಸಿರು, ಆಕಾಶ ನೀಲಿ, ಮೈಬಣ್ಣಕ್ಕೆ ಬಿಳಿ, ಹಳದಿ, ಕೆಂಪಿನ ಒಂದು ಸಿದ್ಧ ಮಿಶ್ರಣ. ಇದನ್ನು ಮುರಿಯಲು ಸುಲಭದ ದಾರಿ, ಚಿತ್ರ ಏನೆಂದು ತಿಳಿಯುವ ಮೊದಲೇ ಮೂರು ಬಣ್ಣ ಆರಿಸಿಕೊಳ್ಳುವುದು. ಅವು ಮೂರೇ. ಆಮೇಲೆ ಬರುವ ಮರಕ್ಕೂ ಮನುಷ್ಯನಿಗೂ ಅದರಲ್ಲೇ ಹಂಚಬೇಕು.

ಆ ಮೂರರಲ್ಲಿ ಒಂದನ್ನಾದರೂ ನೀವೇ ಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕೆಮ್ಮಣ್ಣಿಗೆ ಬರವಿಲ್ಲ. ಒಂದು ಬೊಗಸೆ ಮಣ್ಣನ್ನು ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ, ಅರ್ಧ ನಿಮಿಷ ಬಿಡಿ, ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ತಳದ ನುಣ್ಣನೆಯ ಕೆಸರನ್ನು ಒಣಗಿಸಿ ಪುಡಿ ಮಾಡಿ. ಜಾಲಿ ಅಂಟನ್ನು ನೀರಿನಲ್ಲಿ ನೆನೆಸಿ ಕರಗಿಸಿ, ಅದರಲ್ಲಿ ಈ ಪುಡಿಯನ್ನು ಅರೆಯಿರಿ. ಸ್ವಲ್ಪ ಬಳಿದು ಒಣಗಿದ ಮೇಲೆ ಬೆರಳಿನಿಂದ ಒರೆಸಿ ನೋಡಿ. ಬೆರಳಿಗೆ ಪುಡಿ ಹತ್ತಿದರೆ ಅಂಟು ಕಡಿಮೆ, ಮಿರಮಿರ ಹೊಳೆದು ಬಿರುಕು ಬಿಟ್ಟರೆ ಅಂಟು ಹೆಚ್ಚು. ಕಪ್ಪಿಗೆ ಹಣತೆಯ ಕಾಡಿಗೆ ಆಗುತ್ತದೆ. ಬಿಳಿಗೆ ಹಸಿ ಸುಣ್ಣ ಬೇಡ, ಕೈ, ಕಣ್ಣು ಸುಡುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ. ಹಸಿಯಿದ್ದಾಗ ಪೇಲವವಾಗಿ ಕಂಡರೂ ಒಣಗಿದ ಮೇಲೆ ಬಿಳುಪು ಏರುತ್ತದೆ.

ಟ್ಯೂಬಿನ ಬಣ್ಣಕ್ಕಿಂತ ಇದು ಮೇಲು ಎಂದೇನಲ್ಲ. ಆದರೆ ಕೆಂಪು, ಕಪ್ಪು, ಬಿಳಿ ಮೂರೇ ಇರುವಾಗ ನೆರಳು-ಬೆಳಕಿನ ನಯವಾದ ಇಳಿಜಾರು ಸಾಧ್ಯವಾಗುವುದಿಲ್ಲ, ಕೈಗೆ ಬೇರೆ ಯೋಚನೆ ಬರಲೇಬೇಕಾಗುತ್ತದೆ. ಜಾಮಿನಿ ರಾಯ್ ಕೂಡ ಮಣ್ಣು, ಕಾಡಿಗೆ, ಸುಣ್ಣದಂಥ ಸಾಮಾನುಗಳಿಂದ ತಮ್ಮ ಬಣ್ಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಏಳನೆಯದು: ಕಲಿತದ್ದನ್ನು ಮರಳಿ ಕರೆಯಿರಿ

ಇಷ್ಟು ಹೊತ್ತು ಹೊರಗೆ ಕೂರಿಸಿದ್ದ ಕಲಿಕೆಗೆ ಈಗ ಕೆಲಸವಿದೆ. ಬರೆದ ಹಾಳೆಗಳಿಗೆಲ್ಲ ತಾರೀಖು ಹಾಕಿ ಕಟ್ಟಿಡಿ. ಒಂದು ತಿಂಗಳಾದ ಮೇಲೆ ತೆರೆದು, ಬಿಡಲಾಗದ ಎರಡು ಮೂರನ್ನು ಮಾತ್ರ ಎತ್ತಿಕೊಳ್ಳಿ. ಅವುಗಳ ಮೇಲೆ ತಿದ್ದಬೇಡಿ, ಪಕ್ಕದಲ್ಲಿಟ್ಟುಕೊಂಡು ಹೊಸ ಹಾಳೆಯಲ್ಲಿ ಬರೆಯಿರಿ.

ಈಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಹೂವಿನವಳ ತೋಳು ಉದ್ದವಾಗಿದೆ, ಸರಿ. ಆದರೆ ಬೆರಳು ಹೂವನ್ನು ಹಿಡಿದಿದೆಯೇ, ಇಲ್ಲ ಸುಮ್ಮನೆ ಅದಕ್ಕೆ ತಾಗಿಕೊಂಡಿದೆಯೇ? ಹಿಡಿತ ಕಾಣದಿದ್ದರೆ ಅಲ್ಲಿ ಅಂಗರಚನೆ ಬಲ್ಲ ಕೈ ಬೇಕು. ಕೆಂಪು, ಕಪ್ಪು ಒಂದೇ ಗಾಢತೆಯಲ್ಲಿ ಬಂದು ಆಕಾರ ಮುಳುಗಿದೆಯೇ? ಕಣ್ಣು ಅರೆಮುಚ್ಚಿ ನೋಡುವ ಹಳೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಳೆಯ ಬಲಮೂಲೆ ಖಾಲಿ ಬಿದ್ದಿರುವುದು ಬೇಕೆಂದೋ, ಬೇಸರವಾಗಿ ಬಿಟ್ಟದ್ದೋ? ಅಗತ್ಯಕ್ಕೆ ತಿರುಚಿದ ಗೆರೆಗೂ ಸೋಮಾರಿತನಕ್ಕೆ ಸೊಟ್ಟಗಾದ ಗೆರೆಗೂ ಇರುವ ಅಂತರ ಕಲಿತ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ತರಬೇತಿ ಇಲ್ಲದವರಿಗಿಂತ ನಿಮಗೆ ಇರುವ ಅನುಕೂಲ ಇದೇ, ಇದನ್ನು ಕಡೆಗಣಿಸಬೇಡಿ.

ಮನೆಯವರು, ಗೆಳೆಯರು, ಗಿರಾಕಿಗಳು

ಕೈ ಯಾಕಿಷ್ಟು ಉದ್ದ, ಮೊದಲು ಎಷ್ಟು ಚೆನ್ನಾಗಿ ಬರೆಯುತ್ತಿದ್ದೆ ಎಂಬ ಮಾತು ಬಂದೇ ಬರುತ್ತದೆ. ವಾದಿಸಬೇಡಿ. ಆರಂಭದ ಕೆಲವು ತಿಂಗಳು ಈ ಹಾಳೆಗಳನ್ನು ಯಾರಿಗೂ ತೋರಿಸದಿರುವುದು, ಮೊಬೈಲಿನಲ್ಲಿ ಹಂಚದಿರುವುದು ಒಳ್ಳೆಯದು. ಮೆಚ್ಚುಗೆ ಸಿಕ್ಕರೂ ಕಷ್ಟ, ಮೆಚ್ಚಿದ್ದನ್ನೇ ಮತ್ತೆ ಬರೆಯಬೇಕೆನ್ನಿಸುತ್ತದೆ. ಭಾವಚಿತ್ರದ ಕೆಲಸ ಸಿಕ್ಕರೆ ಬಿಡಬೇಡಿ, ಅದು ಅನ್ನ ಕೊಡುವ ಕೆಲಸ, ಗೌರವದ ಕೆಲಸ. ಅದಕ್ಕೆ ಒಂದು ಮೇಜು, ಇದಕ್ಕೆ ಇನ್ನೊಂದು ಮೂಲೆ, ಹೊತ್ತೂ ಬೇರೆ ಬೇರೆ ಇರಲಿ. ಒಂದೇ ದಿನ ಎರಡನ್ನೂ ಮಾಡುವುದಾದರೆ ಕಲ್ಪನೆಯದು ಬೆಳಗಿನ ಪಾಲಿಗಿರಲಿ. ಅಳತೆಯ ಕೆಲಸ ಮುಗಿಸಿದ ಕೈ ಸಂಜೆಗೆ ಸಡಿಲವಾಗುವುದು ಕಷ್ಟ.

ನೀವು ಡ್ರಾಯಿಂಗ್ ಮೇಷ್ಟರೇ ಆಗಿದ್ದರೆ ಒಂದು ಬೇಡಿಕೆಯಿದೆ. ವಸ್ತುಚಿತ್ರದ ತರಗತಿಯಲ್ಲಿ ತಂಬಿಗೆಯನ್ನು ಹತ್ತು ನಿಮಿಷ ಮಕ್ಕಳ ಮುಂದಿಡಿ, ಸುತ್ತಲೂ ಓಡಾಡಿ ನೋಡಲು ಬಿಡಿ, ಕೈಗೆ ಕೊಟ್ಟು ತೂಕ ನೋಡಲು ಹೇಳಿ. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿ, ಬರೆಯಲು ಹೇಳಿ. ಪರೀಕ್ಷೆಗೆ ಬೇಕಾದ ತಂಬಿಗೆಯನ್ನು ಮುಂದಿನ ತರಗತಿಯಲ್ಲಿ ಕಲಿಸಿದರಾಯಿತು.